ನೂರರಿಂದ ಭಾಗಿಸುವ ಮುನ್ನ

(ಆಹಾರ ಮತ್ತು ಔಷಧ ಸುರಕ್ಷತೆಯ ಬಗ್ಗೆ ಮಾಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಕೊನೆಯ ಭಾಗ ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ.)

ವಿಷವಿಜ್ಞಾನದವರು ಮಾತಿಗೆ ನಿಂತರೆ ಮೊದಲು ಹದಿನಾರನೇ ಶತಮಾನದ ವೈದ್ಯ ಪ್ಯಾರಾಸೆಲ್ಸಸ್‌ನನ್ನು ಕರೆತರುತ್ತಾರೆ. ಎಲ್ಲವೂ ವಿಷವೇ, ಯಾವುದು ವಿಷವಾಗುವುದಿಲ್ಲ ಅನ್ನುವುದನ್ನು ತೀರ್ಮಾನಿಸುವುದು ಪ್ರಮಾಣ ಮಾತ್ರ ಎಂದು ಆತ 1538ರಲ್ಲಿ ಬರೆದ. ಮಾತು ನಿಜ. ಆದರೆ ಒಂದು ವಸ್ತುವಿನ ಸುರಕ್ಷತಾ ಪರೀಕ್ಷೆಗಳ ಸಾವಿರಾರು ಪುಟಗಳ ಕಡತ ಮೇಜಿನ ಮೇಲೆ ಬಂದು ಕೂತಾಗ ಆ ಮಾತಿನಿಂದ ನನಗೆ ಏನೂ ಸಹಾಯವಾಗುವುದಿಲ್ಲ. ಎಷ್ಟು ಪ್ರಮಾಣ? ಯಾರಿಗೆ? ಎಷ್ಟು ಕಾಲ? ಇದಕ್ಕೆ ಯಾರಾದರೂ ಒಂದು ಅಂಕಿ ಬರೆದು ಸಹಿ ಹಾಕಲೇಬೇಕು. ಆದ್ದರಿಂದ ನಾನು ಇವತ್ತು ಪ್ಯಾರಾಸೆಲ್ಸಸ್‌ನನ್ನು ಬಿಟ್ಟು ನೇರ 1954ಕ್ಕೆ ಬರುತ್ತೇನೆ.

ಆ ವರ್ಷ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯಲ್ಲಿದ್ದ ಆರ್ನಾಲ್ಡ್ ಲೇಮನ್ ಮತ್ತು ಗಾರ್ತ್ ಫಿಟ್ಜ್‌ಹ್ಯೂ ಎಂಬಿಬ್ಬರು ಒಂದು ಪುಟ್ಟ ಲೇಖನ ಪ್ರಕಟಿಸಿದರು. ಅದರ ತಿರುಳು ಇಷ್ಟು: ಪ್ರಾಣಿಗಳಿಗೆ ದೀರ್ಘಕಾಲ ಕೊಟ್ಟರೂ ಕೆಡುಕು ಕಾಣದ ಪ್ರಮಾಣ ಯಾವುದೋ ಅದನ್ನು ನೂರರಿಂದ ಭಾಗಿಸಿ, ಬಂದದ್ದನ್ನು ಮನುಷ್ಯರಿಗೆ ಮಿತಿ ಎಂದು ಇಟ್ಟುಕೊಳ್ಳಿ. ಪ್ರಾಣಿಗಿಂತ ಮನುಷ್ಯ ಹೆಚ್ಚು ಸೂಕ್ಷ್ಮ ಇರಬಹುದು. ಮನುಷ್ಯರಲ್ಲೂ ಮಗು, ಮುದುಕ, ರೋಗಿ ಎಂದು ವ್ಯತ್ಯಾಸ ಇದೆ. ಇದಕ್ಕೆಲ್ಲ ಸೇರಿಸಿ ನೂರು ಪಟ್ಟು ಅಂತರ. 1956ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆ ಸೇರಿ ಶುರುಮಾಡಿದ ಜೆಕ್ಫಾ ಎಂಬ ತಜ್ಞರ ಸಮಿತಿ ಇದೇ ದಾರಿ ಹಿಡಿಯಿತು. ಇವತ್ತು ನೀವು ತಿನ್ನುವ ಬಹುಪಾಲು ಸಂರಕ್ಷಕ, ಬಣ್ಣ, ಸಿಹಿಕಾರಕಗಳ ಹಿಂದೆ ಎಲ್ಲೋ ಒಂದು ಕಡೆ ಆ ನೂರು ಕೂತಿದೆ.

ಒಂದು ಉದಾಹರಣೆ ನೋಡೋಣ. ಆಸ್ಪರ್ಟೇಮ್ ಎಂಬ ಕೃತಕ ಸಿಹಿ. ಇಲಿಗಳ ದೀರ್ಘಕಾಲದ ಅಧ್ಯಯನದಲ್ಲಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 4000 ಮಿಲಿಗ್ರಾಂ ಕೊಟ್ಟರೂ ಕೆಡುಕು ಕಾಣಲಿಲ್ಲ. ನೂರರಿಂದ ಭಾಗಿಸಿ: 40. ಜೆಕ್ಫಾ 1981ರಲ್ಲಿ ಇಟ್ಟ ಮಿತಿ ಅದೇ, ಕಿಲೋಗೆ 40 ಮಿಲಿಗ್ರಾಂ. ಪ್ರತಿದಿನ, ಬದುಕಿರುವಷ್ಟು ಕಾಲ ತಿಂದರೂ ಗಣನೀಯ ಅಪಾಯ ಇಲ್ಲ ಅನ್ನುವ ಅರ್ಥದ ಮಿತಿ ಇದು. ಹಾಗಾಗಿ ಒಂದು ದಿನ 45 ಆದರೆ ಏನೋ ಆಗಿಬಿಡುತ್ತದೆ ಎಂದಲ್ಲ.

ನೂರಕ್ಕೆ ಆಧಾರ ಏನು ಎಂದು ಕೇಳಿದರೆ, ಪ್ರಾಮಾಣಿಕ ಉತ್ತರ ಇದು: ಅನುಭವ ಮತ್ತು ಒಂದು ಅಂದಾಜು. ಕೈಬೆರಳು ಹತ್ತು ಇರುವುದರಿಂದ ಹತ್ತು ಹತ್ತಲ ನೂರು ಎಂದು ನಮ್ಮವರೇ ತಮಾಷೆ ಮಾಡಿಕೊಳ್ಳುವುದುಂಟು. ಆಮೇಲಿನವರು ಆ ಎರಡು ಹತ್ತುಗಳನ್ನು ಒಡೆದು ನೋಡಿದರು. ಪ್ರಾಣಿಯಿಂದ ಮನುಷ್ಯನಿಗೆ ಬರುವ ಹತ್ತರಲ್ಲಿ 4 ಪಟ್ಟು, ದೇಹ ಆ ವಸ್ತುವನ್ನು ಹೀರಿಕೊಂಡು, ಮುರಿದು, ಹೊರಹಾಕುವ ವೇಗದ ವ್ಯತ್ಯಾಸಕ್ಕೆ. ಉಳಿದ 2.5 ಪಟ್ಟು, ಅಂಗಾಂಗಗಳು ಅದಕ್ಕೆ ಸ್ಪಂದಿಸುವ ರೀತಿಯ ವ್ಯತ್ಯಾಸಕ್ಕೆ. ಮನುಷ್ಯ ಮನುಷ್ಯರ ನಡುವಿನ ಹತ್ತನ್ನೂ ಹೀಗೇ 3.16, 3.16 ಎಂದು ಎರಡಾಗಿ ಸೀಳಿದರು. ಇದು ಬರಿಯ ಗಣಿತದ ಆಟ ಅನ್ನಿಸಬಹುದು. ನನ್ನ ಪಾಲಿಗೆ ನಮ್ಮ ಇಡೀ ವೃತ್ತಿ ಇಲ್ಲೇ ಇದೆ. ಆ ವಸ್ತು ಮನುಷ್ಯನ ದೇಹದಲ್ಲಿ ಎಷ್ಟು ಹೊತ್ತು ಇರುತ್ತದೆ ಎಂದು ಯಾರಾದರೂ ನಿಜವಾಗಿ ಅಳೆದು ತಂದರೆ ಆ 4 ಅನ್ನು ಕಿತ್ತು, ಅಳೆದ ಅಂಕಿಯನ್ನೇ ಕೂರಿಸಬಹುದು. ನಮಗೆ ಗೊತ್ತಿಲ್ಲದ್ದಕ್ಕೆ ಇಟ್ಟ ಪಟ್ಟು ಅದು, ತಿಳಿದಷ್ಟೂ ಜಾಗ ಬಿಟ್ಟುಕೊಡಬೇಕು. ಕೆಲವು ಸಲ ತಿಳಿದ ಮೇಲೆ ಅದು ಬೆಳೆಯುವುದೂ ಉಂಟು. ಇವತ್ತು ಹೇಳಹೊರಟಿರುವುದು ಇದನ್ನೇ.

ಮೊದಲು, ಭಾಗಿಸಲಿಕ್ಕೆ ಒಂದು ಅಂಕಿ ಬೇಕಲ್ಲ, ಅದು ಎಲ್ಲಿಂದ ಬರುತ್ತದೆ? ಕ್ಯಾನ್ಸರ್ ಪರೀಕ್ಷೆಯ ಅಂತರರಾಷ್ಟ್ರೀಯ ಮಾದರಿಯಲ್ಲಿ ಪ್ರತಿ ಗುಂಪಿಗೆ 50 ಗಂಡು, 50 ಹೆಣ್ಣು ಇಲಿ. ಮೂರು ಪ್ರಮಾಣದ ಮೂರು ಗುಂಪು, ಏನೂ ಕೊಡದ ಒಂದು ಗುಂಪು, ಸುಮಾರು ಎರಡು ವರ್ಷ. ಕೊನೆಯಲ್ಲಿ ಪ್ರತಿ ಇಲಿಯ ಹತ್ತಾರು ಅಂಗಾಂಶಗಳನ್ನು ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ನೋಡಬೇಕು. ಈಗ ಲೆಕ್ಕ ಹಾಕಿ. 50 ಇಲಿಗಳಲ್ಲಿ ಒಂದರಲ್ಲೂ ಗಡ್ಡೆ ಕಾಣದಿದ್ದರೆ ಅಪಾಯ ಸೊನ್ನೆಯೇ? ಸಂಖ್ಯಾಶಾಸ್ತ್ರ ಹಾಗೆ ಹೇಳುವುದಿಲ್ಲ. ನಿಜವಾದ ಅಪಾಯ ಸುಮಾರು 6 ಶೇಕಡಾ ಇದ್ದರೂ 50ರಲ್ಲಿ ಒಂದೂ ಸಿಗದೆ ಹೋಗುವ ಸಾಧ್ಯತೆ ಉಳಿದೇ ಇರುತ್ತದೆ. ಕೋಟ್ಯಂತರ ಜನ ತಿನ್ನುವ ವಸ್ತುವಿಗೆ 6 ಶೇಕಡಾ ಎಂದರೆ ಘೋರ. ಲಕ್ಷಾಂತರ ಇಲಿ ಸಾಕಲಾಗದು, ಸಾಕಲೂ ಬಾರದು. ಆದ್ದರಿಂದ ಪ್ರಮಾಣವನ್ನೇ ವಿಪರೀತ ಏರಿಸುತ್ತೇವೆ. ‘ಇಷ್ಟೊಂದು ಯಾರು ತಿನ್ನುತ್ತಾರೆ, ಇದು ಹುಚ್ಚು ಪ್ರಯೋಗ’ ಎಂದು ನಗುವವರಿಗೆ ಈ ಕಾರಣ ಗೊತ್ತಿರುವುದಿಲ್ಲ.

ಆದರೆ ಪ್ರಮಾಣ ಏರಿಸಿದಾಗ ಬೇರೆ ತೊಡಕು. ಇಲಿಯ ಲಿವರ್ ದಪ್ಪವಾಗಿದೆ ಎಂದಿಟ್ಟುಕೊಳ್ಳಿ. ಹೊರಗಿನ ವಸ್ತುವನ್ನು ಒಡೆಯುವ ಕಿಣ್ವಗಳು ಹೆಚ್ಚಾದರೆ ಲಿವರ್ ಹಿಗ್ಗುತ್ತದೆ, ಕೊಡುವುದು ನಿಲ್ಲಿಸಿದರೆ ಮೊದಲಿನಂತಾಗುತ್ತದೆ. ಇದು ಕೆಡುಕೋ, ಹೊಂದಾಣಿಕೆಯೋ? ಜೀವಕೋಶ ಸತ್ತಿದ್ದರೆ, ರಕ್ತದಲ್ಲಿ ಲಿವರ್ ಕಿಣ್ವ ಸೋರಿದ್ದರೆ ಕೆಡುಕು ಅನ್ನುತ್ತೇವೆ. ಅದೇನೂ ಇಲ್ಲದೆ ಬರೀ ತೂಕ ಹೆಚ್ಚಿದ್ದರೆ? ಈ ಒಂದು ಪ್ರಶ್ನೆಯ ಮೇಲೆ ಇಡೀ ಮಧ್ಯಾಹ್ನ ಜಗಳವಾಡಿದ ಸಭೆಗಳಲ್ಲಿ ನಾನೂ ಕೂತಿದ್ದೇನೆ. ಜಗಳದ ಕೊನೆಗೆ ಬರುವ ಅಂಕಿಯನ್ನೇ ಆಮೇಲೆ ನೂರರಿಂದ ಭಾಗಿಸುವುದು.

ಇನ್ನು ಆ ಕಡತದಲ್ಲಿ ಇರುವುದು ಸತ್ಯವೇ ಎಂಬ ಪ್ರಶ್ನೆ. 1970ರ ದಶಕದಲ್ಲಿ ಅಮೆರಿಕದ ದೊಡ್ಡ ಪರೀಕ್ಷಾ ಸಂಸ್ಥೆಯೊಂದರ ವರದಿಗಳನ್ನು ಎಫ್‌ಡಿಎ ಕೆದಕಿದಾಗ, ಸತ್ತವೆಂದು ದಾಖಲಾದ ಪ್ರಾಣಿಗಳು ಮುಂದಿನ ಪುಟಗಳಲ್ಲಿ ಬದುಕಿದ್ದವು. ಪ್ರಯೋಗಾಲಯಗಳು ಪ್ರತಿ ಕಚ್ಚಾ ದಾಖಲೆಯನ್ನೂ ಕಾದಿಡಬೇಕು, ತಿದ್ದಿದರೆ ತಿದ್ದಿದವರ ಸಹಿ, ತಾರೀಖು ಇರಬೇಕು ಎಂಬ ‘ಉತ್ತಮ ಪ್ರಯೋಗಾಲಯ ಪದ್ಧತಿ’, ಅಂದರೆ ಜಿಎಲ್‌ಪಿ ನಿಯಮ ಬಂದದ್ದು ಅದರ ಬೆನ್ನಿಗೇ. ಹೊಸದಾಗಿ ಸೇರಿದ ಹುಡುಗರು ಈ ನಿಯಮಗಳನ್ನು ಗುಮಾಸ್ತಿಕೆ ಎಂದು ಗೊಣಗುತ್ತಾರೆ. ಗೊಣಗಲಿ.

ಈಗ ಔಷಧಕ್ಕೆ ಬನ್ನಿ. ಇಲ್ಲಿ ನೂರು ನಡೆಯುವುದೇ ಇಲ್ಲ. ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ. ಆರೋಗ್ಯವಂತ ವಯಸ್ಕರಿಗೆ ದಿನದ ಗರಿಷ್ಠ ಮಿತಿ 4 ಗ್ರಾಂ. ಒಮ್ಮೆಗೇ 10 ಗ್ರಾಂ ಮೀರಿ ನುಂಗಿದರೆ ಲಿವರ್‌ಗೆ ಗಂಭೀರ ಪೆಟ್ಟು ಬೀಳಬಹುದು. ಎರಡರ ನಡುವೆ ಮೂರು ಪಟ್ಟೂ ಇಲ್ಲ! ಆ 10 ಗ್ರಾಮನ್ನೇ ನೂರರಿಂದ ಭಾಗಿಸಿದರೆ 100 ಮಿಲಿಗ್ರಾಂ ಆಗುತ್ತದೆ, ಅಷ್ಟರಲ್ಲಿ ವಯಸ್ಕರ ಜ್ವರ ಇಳಿಯುವುದಿಲ್ಲ. ಆಹಾರಕ್ಕೆ ಸೇರಿಸುವ ವಸ್ತು ದೇಹದಲ್ಲಿ ಏನೂ ಮಾಡಬಾರದು. ಔಷಧ ಏನಾದರೂ ಮಾಡಲೇಬೇಕು, ಅದಕ್ಕೇ ಅದನ್ನು ಕೊಡುವುದು. ಹಾಗಾಗಿ ಔಷಧದಲ್ಲಿ ಅಂತರ ಕಡಿಮೆ ಇದ್ದರೂ ಒಪ್ಪುತ್ತೇವೆ, ಒಪ್ಪಿದ್ದರ ಬೆಲೆಯಾಗಿ ಕಾರಣವನ್ನು ಆಳವಾಗಿ ತಿಳಿದುಕೊಳ್ಳುತ್ತೇವೆ.

ಪ್ಯಾರಾಸಿಟಮಾಲ್ ವಿಷಯದಲ್ಲಿ ಆ ಕಾರಣ ಚೆನ್ನಾಗಿ ಗೊತ್ತು. ಅದರ ಒಂದು ಸಣ್ಣ ಭಾಗ ಲಿವರ್‌ನಲ್ಲಿ ನ್ಯಾಪ್ಕಿ ಎಂಬ ಉಗ್ರ ವಸ್ತುವಾಗಿ ಮಾರ್ಪಡುತ್ತದೆ. ಜೀವಕೋಶದಲ್ಲಿರುವ ಗ್ಲುಟಥಯೋನ್ ಅದನ್ನು ಹಿಡಿದು ತಣ್ಣಗಾಗಿಸುತ್ತದೆ. ಅತಿಯಾಗಿ ನುಂಗಿದಾಗ ಗ್ಲುಟಥಯೋನ್ ಖಾಲಿಯಾಗಿ, ನ್ಯಾಪ್ಕಿ ಜೀವಕೋಶದ ಪ್ರೋಟೀನುಗಳಿಗೇ ಅಂಟಿಕೊಳ್ಳುತ್ತದೆ. ಇದು ತಿಳಿದದ್ದರಿಂದಲೇ ಮದ್ದೂ ಸಿಕ್ಕಿತು. ಗ್ಲುಟಥಯೋನನ್ನು ಮತ್ತೆ ತುಂಬುವ ಅಸಿಟೈಲ್‌ಸಿಸ್ಟೀನ್ ಕೊಟ್ಟರೆ, ಅದೂ ನುಂಗಿದ ಎಂಟು ಗಂಟೆಯೊಳಗೆ, ಲಿವರ್ ಬಹುಮಟ್ಟಿಗೆ ಉಳಿಯುತ್ತದೆ. ಇದನ್ನು ಎಲ್ಲರೂ ನೆನಪಿಡಬೇಕು, ಏಕೆಂದರೆ ಮೊದಲ ದಿನ ರೋಗಿಗೆ ಹೆಚ್ಚೇನೂ ಆಗಿರುವಂತೆ ಕಾಣುವುದಿಲ್ಲ. ‘ಆರಾಮಾಗಿದ್ದೇನೆ, ಆಸ್ಪತ್ರೆ ಬೇಡ’ ಅನ್ನುವ ಆ ಹೊತ್ತಿನಲ್ಲೇ ಮದ್ದಿನ ಸಮಯ ಕಳೆದುಹೋಗುತ್ತದೆ.

ಕಾರಣ ತಿಳಿಯದಿದ್ದರೆ ಎಷ್ಟು ದೊಡ್ಡ ಭಾಜಕವೂ ಕಾಯುವುದಿಲ್ಲ ಅನ್ನುವುದಕ್ಕೆ 2006ರ ಮಾರ್ಚ್ 13ರ ಘಟನೆಗಿಂತ ಕಟುವಾದ ಉದಾಹರಣೆ ನನಗೆ ಗೊತ್ತಿಲ್ಲ. ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ ಆರು ಮಂದಿ ಆರೋಗ್ಯವಂತ ಯುವಕರಿಗೆ ಟಿಜಿಎನ್1412 ಎಂಬ ಪ್ರತಿಕಾಯವನ್ನು (ರೋಗನಿರೋಧಕ ಕೋಶಗಳಿಗೆ ಅಂಟುವ ಪ್ರೋಟೀನ್ ಔಷಧ) ಮೊದಲ ಬಾರಿಗೆ ಕೊಟ್ಟರು. ಕೋತಿಗಳಲ್ಲಿ ಕಿಲೋಗೆ 50 ಮಿಲಿಗ್ರಾಂವರೆಗೆ ಕೆಡುಕು ಕಂಡಿರಲಿಲ್ಲ. ಯುವಕರಿಗೆ ಕೊಟ್ಟದ್ದು ಕಿಲೋಗೆ 0.1 ಮಿಲಿಗ್ರಾಂ, ಅಂದರೆ ಐನೂರರಲ್ಲಿ ಒಂದು ಪಾಲು. ಕಾಗದದ ಮೇಲೆ ನೂರಕ್ಕಿಂತ ಐದು ಪಟ್ಟು ಎಚ್ಚರಿಕೆ. ಹತ್ತು ಹತ್ತು ನಿಮಿಷದ ಅಂತರದಲ್ಲಿ ಒಬ್ಬೊಬ್ಬರಿಗೆ ಕೊಡುತ್ತಾ ಹೋದರು. ಒಂದೂವರೆ ಗಂಟೆಯೊಳಗೆ ತಲೆನೋವು, ಬೆನ್ನುನೋವು, ಜ್ವರ, ಆಮೇಲೆ ಒಂದೊಂದೇ ಅಂಗ ಕೈಕೊಟ್ಟಿತು. ಆರೂ ಜನ ತೀವ್ರ ನಿಗಾ ಘಟಕ ಸೇರಿದರು. ಆರೂ ಜನ ಬದುಕುಳಿದರು ಎಂಬುದಷ್ಟೇ ಸಮಾಧಾನ.

ಆಮೇಲೆ ತಿಳಿದದ್ದು ಇಷ್ಟು. ಆ ಪ್ರತಿಕಾಯ, ರೋಗದ ವಿರುದ್ಧ ಹೋರಾಡುವ ಟಿ-ಕೋಶಗಳ ಮೇಲಿನ ಸಿಡಿ28 ಎಂಬ ಗುಂಡಿಯನ್ನು ಒತ್ತುತ್ತದೆ. ಮನುಷ್ಯರ ಒಂದು ಬಗೆಯ ನೆನಪಿನ ಟಿ-ಕೋಶಗಳಲ್ಲಿ ಆ ಗುಂಡಿ ಇದೆ. ಪ್ರಯೋಗಕ್ಕೆ ಬಳಸಿದ ಜಾತಿಯ ಕೋತಿಗಳ ಅದೇ ಕೋಶಗಳಲ್ಲಿ ಇಲ್ಲ. ಕೋತಿಗೆ ಎಷ್ಟು ಕೊಟ್ಟರೂ ಏನೂ ಆಗದಿದ್ದದ್ದಕ್ಕೆ ಆ ವಸ್ತುವಿನ ಸೌಮ್ಯತೆ ಕಾರಣವಾಗಿರಲಿಲ್ಲ. ಗುಂಡಿಯೇ ಇಲ್ಲದ ಪ್ರಾಣಿಯಿಂದ ತಂದ ಅಂಕಿಯನ್ನು ಐನೂರರಿಂದ ಭಾಗಿಸಿದರೂ ಒಂದೇ, ಐದು ಸಾವಿರದಿಂದ ಭಾಗಿಸಿದರೂ ಒಂದೇ. ಇನ್ನೂ ನೋವಿನ ಸಂಗತಿ ಎಂದರೆ, ಆ ಮೊದಲ ಪ್ರಮಾಣಕ್ಕೇ ಆ ಗುಂಡಿಗಳಲ್ಲಿ ಸುಮಾರು 90 ಶೇಕಡಾ ಭರ್ತಿಯಾಗುತ್ತಿದ್ದವು ಎಂದು ಲೆಕ್ಕ ಹಾಕಲು ಬೇಕಾದ ಮಾಹಿತಿ ಆಗಲೇ ಲಭ್ಯವಿತ್ತು. ಯುರೋಪಿನ ನಿಯಂತ್ರಕರು 2007ರಲ್ಲಿ ಹೊಸ ಮಾರ್ಗಸೂಚಿ ತಂದರು. ಇಂಥ ಔಷಧಗಳಿಗೆ ‘ಎಷ್ಟಕ್ಕೆ ಕೆಡುಕಿಲ್ಲ’ ಎಂದು ಮೇಲಿನಿಂದ ಇಳಿಯುವ ಬದಲು, ‘ಎಷ್ಟಕ್ಕೆ ಪರಿಣಾಮ ಕಾಣಲು ಶುರುವಾಗುತ್ತದೆ’ ಎಂದು ಕೆಳಗಿನಿಂದ ಏರುತ್ತಾ ಹೋಗಬೇಕು. ಮೊದಲು ಒಬ್ಬರಿಗೆ ಕೊಟ್ಟು, ಕಾದು ನೋಡಿ, ಆಮೇಲೆ ಇನ್ನೊಬ್ಬರಿಗೆ.

ಥಾಲಿಡೊಮೈಡ್ ಕಥೆ ನಿಮಗೆ ಗೊತ್ತಿರುತ್ತದೆ, ಬೇಗ ಹೇಳಿ ಮುಗಿಸುತ್ತೇನೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ದೆಗೆಂದು ಮಾರುಕಟ್ಟೆಗೆ ಬಂತು, 1961ರ ನವೆಂಬರಿನಲ್ಲಿ ಹಿಂತೆಗೆದರು. ಅಷ್ಟರಲ್ಲಿ ಪ್ರಪಂಚದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದ್ದರು. ಎಫ್‌ಡಿಎಯಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ಫ್ರಾನ್ಸಿಸ್ ಕೆಲ್ಸಿ ಕಡತವನ್ನು ಮತ್ತೆ ಮತ್ತೆ ವಾಪಸ್ ಕಳಿಸಿ ಅಮೆರಿಕದಲ್ಲಿ ಅದನ್ನು ತಡೆದರು. ವಿಷವಿಜ್ಞಾನಿಯಾಗಿ ನನ್ನ ಗಮನ ಇರುವುದು ಬೇರೆ ಎರಡು ಸಂಗತಿಗಳ ಮೇಲೆ. ಒಂದು, ಇಲ್ಲಿ ಪ್ರಮಾಣಕ್ಕಿಂತ ದಿನ ಮುಖ್ಯ. ಗರ್ಭ ನಿಂತ ಸುಮಾರು 20ನೇ ದಿನದಿಂದ 36ನೇ ದಿನದ ನಡುವೆ ನುಂಗಿದರೆ ಅನಾಹುತ, ಆಚೀಚೆ ಆದರೆ ಅದೇ ಮಾತ್ರೆಯಿಂದ ಕೈಕಾಲಿಗೆ ಏನೂ ಆಗದಿರಬಹುದು. ದಿನವನ್ನು ಭಾಗಿಸುವ ಅಂಕಿ ನಮ್ಮಲ್ಲಿ ಇಲ್ಲ. ಎರಡು, ಇಲಿಗಳಿಗೆ ಇದು ಹೆಚ್ಚು ತಟ್ಟುವುದಿಲ್ಲ, ಮೊಲಗಳಿಗೆ ತಟ್ಟುತ್ತದೆ. ಯಾಕೆ ಎಂದು ತಿಳಿಯಲು 2010ರವರೆಗೆ ಕಾಯಬೇಕಾಯಿತು. ಔಷಧ ಹೋಗಿ ಕೂರುವುದು ಸೆರೆಬ್ಲಾನ್ ಎಂಬ ಪ್ರೋಟೀನಿನಲ್ಲಿ ಎಂದು ಜಪಾನಿನ ತಂಡ ಪತ್ತೆಹಚ್ಚಿತು. ಚಿಟ್ಟಿಲಿಯ ಸೆರೆಬ್ಲಾನ್‌ನಲ್ಲಿ ಅದಕ್ಕೆ ಸಂಬಂಧಿಸಿದ ಜಾಗದಲ್ಲಿ ಒಂದು ಅಮೈನೋ ಆಮ್ಲ ಬೇರೆ. ಇದೇ ಥಾಲಿಡೊಮೈಡ್ ಈಗ ಮಯಲೋಮ ಎಂಬ ರಕ್ತದ ಕ್ಯಾನ್ಸರಿಗೂ, ಕುಷ್ಠರೋಗದಲ್ಲಿ ಬರುವ ಒಂದು ತೀವ್ರ ಪ್ರತಿಕ್ರಿಯೆಗೂ ಔಷಧ. ಕಟ್ಟುನಿಟ್ಟಾದ ಗರ್ಭನಿರೋಧ ನಿಯಮಗಳ ಜೊತೆಗೆ ಕೊಡುತ್ತಾರೆ.

ಪ್ರಾಣಿ ಸುಮ್ಮನಿದ್ದು ಮನುಷ್ಯ ನರಳಿದ್ದು ಇವು. ತಿರುಗುಮುರುಗಾದದ್ದೂ ಇದೆ. 1977ರಲ್ಲಿ ಸ್ಯಾಕರಿನ್ ಎಂಬ ಕೃತಕ ಸಿಹಿ ತಿಂದ ಗಂಡಿಲಿಗಳ ಮೂತ್ರಕೋಶದಲ್ಲಿ ಗಡ್ಡೆ ಕಂಡು, ಅಮೆರಿಕದಲ್ಲಿ ಅದನ್ನು ನಿಷೇಧಿಸುವ ಹಂತಕ್ಕೆ ಬಂತು. ಪ್ರಾಣಿಯಲ್ಲಿ ಕ್ಯಾನ್ಸರ್ ತರುವ ಯಾವುದನ್ನೂ ಆಹಾರಕ್ಕೆ ಸೇರಿಸಬಾರದು ಎಂದು 1958ರ ಕಾನೂನು ಹೇಳುತ್ತಿತ್ತು. ಜನರ ಗಲಾಟೆಗೆ ನಿಷೇಧ ತಪ್ಪಿ ಎಚ್ಚರಿಕೆಯ ಚೀಟಿ ಬಂತು. ಮುಂದಿನ ಸುಮಾರು ಇಪ್ಪತ್ತು ವರ್ಷ ಇಲಿಯ ಮೂತ್ರವನ್ನೇ ಅಧ್ಯಯನ ಮಾಡಿದ ಪುಣ್ಯಾತ್ಮರಿದ್ದಾರೆ. ಇಲಿಯ ಮೂತ್ರದಲ್ಲಿ ಪ್ರೋಟೀನ್ ಹೆಚ್ಚು, ಲವಣ ಹೆಚ್ಚು. ಸ್ಯಾಕರಿನ್ನಿನ ಸೋಡಿಯಂ ಲವಣ ಅತಿಯಾದಾಗ ಅಲ್ಲಿ ಕ್ಯಾಲ್ಸಿಯಂ ಫಾಸ್ಫೇಟಿನ ಹರಳು ಕಟ್ಟಿ, ಮೂತ್ರಕೋಶದ ಒಳಪದರವನ್ನು ಕೆರೆದು, ಅದು ಮತ್ತೆ ಮತ್ತೆ ಬೆಳೆದು ಗಡ್ಡೆಯಾಗುತ್ತದೆ. ಮನುಷ್ಯರ ಮೂತ್ರದಲ್ಲಿ ಹಾಗಾಗುವುದಿಲ್ಲ. 2000ದಲ್ಲಿ ಸ್ಯಾಕರಿನ್ನನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಿಂದ ತೆಗೆದರು, ಚೀಟಿಯೂ ಹೋಯಿತು.

ನೂರರಿಂದ ಭಾಗಿಸಲೇ ಬಾರದ ವಸ್ತುಗಳ ಒಂದು ವರ್ಗ ಇದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಅವು ತಿಂದ ನೆಲಗಡಲೆ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬೆಳೆದು ಅಫ್ಲಟಾಕ್ಸಿನ್ ಹುಟ್ಟಿತ್ತು. ಯಾರೂ ಬೆರೆಸಿದ್ದಲ್ಲ, ಯಾವ ಕಾರ್ಖಾನೆಯದ್ದೂ ಅಲ್ಲ, ಪೂರ್ತಿ ನೈಸರ್ಗಿಕ. ಅಫ್ಲಟಾಕ್ಸಿನ್ ಬಿ1 ಅನ್ನು ನಮ್ಮ ಲಿವರ್ರೇ ಉಗ್ರ ರೂಪಕ್ಕೆ ತಿರುಗಿಸುತ್ತದೆ. ಆ ರೂಪ ಡಿಎನ್‌ಎಗೆ ಅಂಟಿ ರೂಪಾಂತರ ತರುತ್ತದೆ. ಇಂಥ ವಸ್ತುವಿಗೆ ‘ಇದಕ್ಕಿಂತ ಕೆಳಗೆ ಏನೂ ಆಗದು’ ಎಂಬ ಗೆರೆ ಎಳೆಯಲು ನಮಗೆ ಧೈರ್ಯವಿಲ್ಲ. ಹಾಗಾಗಿ ಸುರಕ್ಷಿತ ಮಿತಿ ಎಂದು ಕೊಡುವುದಿಲ್ಲ, ಸಾಧ್ಯವಾದಷ್ಟೂ ಕಡಿಮೆ ಮಾಡಿ ಅನ್ನುತ್ತೇವೆ. ಪ್ರಾಣಿಗಳಲ್ಲಿ 10 ಶೇಕಡಾ ಗಡ್ಡೆ ತರುವ ಪ್ರಮಾಣಕ್ಕೂ ಜನ ತಿನ್ನುತ್ತಿರುವ ಪ್ರಮಾಣಕ್ಕೂ ಹತ್ತು ಸಾವಿರ ಪಟ್ಟು ಅಂತರವಿದ್ದರೆ ಚಿಂತೆ ಕಡಿಮೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ನೋಡುತ್ತದೆ. ಅಫ್ಲಟಾಕ್ಸಿನ್ನಿನ ವಿಷಯದಲ್ಲಿ ಆ ಅಂತರ ಸಿಗುವುದು ಕಷ್ಟ.

ಇಲ್ಲಿ ನನ್ನ ಮೆಚ್ಚಿನ ಲೆಕ್ಕ ಒಂದಿದೆ. ಹೆಪಟೈಟಿಸ್ ಬಿ ಸೋಂಕು ಇರುವವರಲ್ಲಿ ಅಫ್ಲಟಾಕ್ಸಿನ್ ಬಿ1ರ ಕ್ಯಾನ್ಸರ್ ಶಕ್ತಿ, ಸೋಂಕಿಲ್ಲದವರಲ್ಲಿ ಇರುವುದಕ್ಕಿಂತ ಸುಮಾರು 30 ಪಟ್ಟು ಹೆಚ್ಚು ಎಂದು ಜೆಕ್ಫಾ ಅಂದಾಜಿಸಿದೆ. ಮನುಷ್ಯರ ನಡುವಿನ ವ್ಯತ್ಯಾಸಕ್ಕೆಂದು ನಾವು ಇಟ್ಟ ಹತ್ತನ್ನು ಇದು ಮೂರು ಸಲ ನುಂಗಿಬಿಡುತ್ತದೆ. ಇದರ ಅರ್ಥ ಏನೆಂದರೆ, ಧಾನ್ಯದಲ್ಲಿನ ಮಿತಿಯನ್ನು ಅರ್ಧಕ್ಕೆ ಇಳಿಸುವುದಕ್ಕಿಂತ ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕುವುದರಿಂದ ಹೆಚ್ಚು ಲಿವರ್ ಕ್ಯಾನ್ಸರ್ ತಪ್ಪಬಹುದು. ಆಹಾರ ಸುರಕ್ಷತೆಯ ಸಭೆಯಲ್ಲಿ ಲಸಿಕೆಯ ಮಾತೆತ್ತಿದರೆ ಕೆಲವರು ಈಗಲೂ ವಿಚಿತ್ರವಾಗಿ ನೋಡುತ್ತಾರೆ. ನನಗೆ ಅದರಲ್ಲಿ ವಿಚಿತ್ರ ಕಾಣುವುದಿಲ್ಲ.

ಇಷ್ಟೆಲ್ಲ ಸೂಕ್ಷ್ಮಗಳ ನಡುವೆ, ಯಾವ ಸೂಕ್ಷ್ಮವೂ ಇಲ್ಲದ ಸಾವುಗಳನ್ನು ಮರೆಯಬಾರದು. 1937ರಲ್ಲಿ ಅಮೆರಿಕದಲ್ಲಿ ಸಲ್ಫನಿಲಮೈಡ್ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ ಸಿಹಿ ದ್ರವವಾಗಿ ಮಾರಿದರು. ರುಚಿ ನೋಡಿದ್ದರು, ಬಣ್ಣ ನೋಡಿದ್ದರು, ವಾಸನೆ ನೋಡಿದ್ದರು. ದ್ರಾವಕವನ್ನು ಒಂದು ಪ್ರಾಣಿಗೂ ಕೊಟ್ಟು ನೋಡಿರಲಿಲ್ಲ. ಕಿಡ್ನಿ ಕೆಟ್ಟು ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಮಾರುವ ಮುನ್ನ ಸುರಕ್ಷತೆ ತೋರಿಸಬೇಕು ಎಂಬ 1938ರ ಕಾನೂನು ಹುಟ್ಟಿದ್ದು ಆ ಸಾವುಗಳಿಂದ. ಅದೇ ರಾಸಾಯನಿಕ 2006ರಲ್ಲಿ ಪನಾಮಾದಲ್ಲಿ, 2022ರಲ್ಲಿ ಗ್ಯಾಂಬಿಯಾದಲ್ಲಿ ಮತ್ತೆ ಸಿರಪ್ಪಿನೊಳಗೆ ಸಿಕ್ಕಿತು. ಗ್ಲಿಸರಿನ್‌ನಂತೆಯೇ ಮಂದ, ಸಿಹಿ, ಬಣ್ಣವಿಲ್ಲದ ದ್ರವ ಅದು. ಪೀಪಾಯಿಯ ಮೇಲಿನ ಚೀಟಿಯನ್ನು ನಂಬದೆ ಒಳಗಿನದನ್ನು ಪರೀಕ್ಷಿಸಿದರೆ ತಿಳಿಯುತ್ತದೆ, ಪರೀಕ್ಷೆ ಕಷ್ಟದ್ದೂ ಅಲ್ಲ. ಇಲ್ಲಿ ವಿಜ್ಞಾನ ಹಿಂದೆ ಬಿದ್ದಿಲ್ಲ.

*

ಪ್ರಶ್ನೆ: ಆಸ್ಪರ್ಟೇಮ್ ಸುರಕ್ಷಿತ ಎಂದಿರಿ. ಅದು ಕ್ಯಾನ್ಸರ್ ತರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆಯಲ್ಲ?

2023ರ ಜುಲೈ 14ರಂದು ಎರಡು ತೀರ್ಪು ಒಟ್ಟಿಗೇ ಬಂದವು. ವಿಶ್ವ ಆರೋಗ್ಯ ಸಂಸ್ಥೆಯದೇ ಆದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಅದನ್ನು 2ಬಿ ಗುಂಪಿಗೆ ಹಾಕಿತು. ಜೆಕ್ಫಾ 40 ಮಿಲಿಗ್ರಾಂ ಮಿತಿಯನ್ನು ಬದಲಿಸಲು ಕಾರಣವಿಲ್ಲ ಎಂದಿತು. ಮೊದಲನೆಯವರು ನೋಡುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು. 2ಬಿ ಎಂದರೆ ಪುರಾವೆ ಸೀಮಿತ ಎಂದರ್ಥ. ಎಷ್ಟು ತಿಂದರೆ ಎಷ್ಟು ಅಪಾಯ ಎಂದು ಅವರು ಹೇಳುವುದಿಲ್ಲ, ಅದು ಎರಡನೆಯವರ ಕೆಲಸ. ಒಂದು ಕ್ಯಾನಿನಲ್ಲಿ 200ರಿಂದ 300 ಮಿಲಿಗ್ರಾಂ ಇದ್ದರೆ, 70 ಕಿಲೋ ತೂಕದವರು ದಿನಕ್ಕೆ 9ರಿಂದ 14 ಕ್ಯಾನ್ ಮೀರಿ ಕುಡಿದರೆ ಮಾತ್ರ ಮಿತಿ ದಾಟುತ್ತದೆ. ಒಂದು ಹೊರತು ಇದೆ: ಫಿನೈಲ್‌ಕೀಟೊನ್ಯೂರಿಯ ಎಂಬ ಹುಟ್ಟು ಕಾಯಿಲೆ ಇರುವವರಿಗೆ ಈ ಮಿತಿ ಅನ್ವಯಿಸುವುದಿಲ್ಲ. ಆಸ್ಪರ್ಟೇಮ್‌ನಿಂದ ಬರುವ ಫಿನೈಲ್‌ಅಲನೀನನ್ನು ಅವರ ದೇಹ ಒಡೆಯಲಾರದು.

ಪ್ರಶ್ನೆ: ಒಂದೊಂದನ್ನೇ ಪರೀಕ್ಷಿಸುತ್ತೀರಿ. ನಾವು ತಿನ್ನುವುದು ಎಲ್ಲವನ್ನೂ ಒಟ್ಟಿಗೆ. ಅದಕ್ಕೇನು?

ಇದು ಸರಿಯಾದ ಪ್ರಶ್ನೆ. ಒಂದೇ ಜಾಗಕ್ಕೆ ಹೊಡೆಯುವ ವಸ್ತುಗಳನ್ನು ಕೂಡಿಸಿ ನೋಡುವ ವಿಧಾನ ಇದೆ. ಆರ್ಗನೋಫಾಸ್ಫೇಟ್ ಕೀಟನಾಶಕಗಳೆಲ್ಲ ನರಗಳಲ್ಲಿನ ಒಂದೇ ಕಿಣ್ವವನ್ನು ತಡೆಯುವುದರಿಂದ ಅವುಗಳನ್ನು ಒಂದೇ ಲೆಕ್ಕಕ್ಕೆ ಸೇರಿಸುತ್ತಾರೆ. ಬೇರೆ ಬೇರೆ ಜಾಗಕ್ಕೆ ಹೊಡೆಯುವವು ಸೇರಿದಾಗ ಏನಾಗುತ್ತದೆ ಎಂಬುದು ಕೆಲವು ಸಲ ಆಕಸ್ಮಿಕವಾಗಿಯೇ ತಿಳಿದಿದೆ. 1980ರ ದಶಕದ ಕೊನೆಯಲ್ಲಿ ಕೆನಡಾದಲ್ಲಿ ರಕ್ತದೊತ್ತಡದ ಔಷಧವೊಂದು ಮದ್ಯದ ಜೊತೆ ಹೇಗೆ ವರ್ತಿಸುತ್ತದೆ ಎಂದು ನೋಡುತ್ತಿದ್ದವರು, ಮದ್ಯದ ರುಚಿ ಮರೆಸಲು ಗ್ರೇಪ್‌ಫ್ರೂಟ್ ರಸ ಬೆರೆಸಿದರು. ಔಷಧದ ಮಟ್ಟ ನಿರೀಕ್ಷೆ ಮೀರಿ ಏರಿತು. ತಪ್ಪಿತಸ್ಥ ಮದ್ಯವಾಗಿರಲಿಲ್ಲ, ರಸವಾಗಿತ್ತು. ಕರುಳಿನಲ್ಲಿ ಔಷಧವನ್ನು ಒಡೆಯುವ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ.

ಇನ್ನೊಂದು ಮೆಲಮೈನ್, ಸಾರಜನಕ ಹೆಚ್ಚಿರುವ ಕೈಗಾರಿಕಾ ರಾಸಾಯನಿಕ. ಸಾರಜನಕ ಅಳೆದು ಪ್ರೋಟೀನ್ ಎಷ್ಟು ಎಂದು ಲೆಕ್ಕ ಹಾಕುವ ಪರೀಕ್ಷೆಯನ್ನು ಮೋಸಗೊಳಿಸಲು ಅದನ್ನು ಆಹಾರಕ್ಕೆ ಬೆರೆಸುತ್ತಿದ್ದರು. 2007ರಲ್ಲಿ ಉತ್ತರ ಅಮೆರಿಕದಲ್ಲಿ ನಾಯಿ, ಬೆಕ್ಕುಗಳು ಕಿಡ್ನಿ ಕೆಟ್ಟು ಸತ್ತಾಗ, ಆಹಾರದಲ್ಲಿ ಮೆಲಮೈನ್ ಜೊತೆ ಸಯನ್ಯೂರಿಕ್ ಆಮ್ಲವೂ ಸಿಕ್ಕಿತು. ಬಿಡಿಬಿಡಿಯಾಗಿ ಎರಡರ ವಿಷತ್ವವೂ ಕಡಿಮೆ. ಕಿಡ್ನಿಯಲ್ಲಿ ಒಂದಾದರೆ ಕರಗದ ಹರಳು. ಮರುವರ್ಷ ಚೀನಾದಲ್ಲಿ ಮೆಲಮೈನ್ ಬೆರೆತ ಹಾಲಿನ ಪುಡಿ ಕುಡಿದ ಸುಮಾರು ಮೂರು ಲಕ್ಷ ಮಕ್ಕಳು ಅಸ್ವಸ್ಥರಾದರು, ಆರು ಕೂಸುಗಳು ಸತ್ತವು. ಅಲ್ಲಿ ಎರಡನೆಯ ವಸ್ತು ಹೊರಗಿನಿಂದ ಬರಬೇಕಾಗಿರಲಿಲ್ಲ. ಕೂಸುಗಳ ಮೂತ್ರದಲ್ಲಿ ಸಹಜವಾಗಿ ಹೆಚ್ಚಿರುವ ಯೂರಿಕ್ ಆಮ್ಲದೊಂದಿಗೆ ಮೆಲಮೈನ್ ಕಲ್ಲು ಕಟ್ಟಿತು.

ಮಿತಿ ಎಷ್ಟಿಡಬೇಕು ಎಂಬ ಪ್ರಶ್ನೆ ಆಗ ಎಲ್ಲರ ಮುಂದೆ ಬಂತು. ಕೈಯಲ್ಲಿದ್ದದ್ದು ಹಳೆಯದೊಂದು ಹದಿಮೂರು ವಾರಗಳ ಇಲಿ ಅಧ್ಯಯನ. ಎಫ್‌ಡಿಎ ಅದರಿಂದ ಕೆಡುಕು ಕಾಣದ ಪ್ರಮಾಣ ಎಂದು ಕಿಲೋಗೆ ದಿನಕ್ಕೆ 63 ಮಿಲಿಗ್ರಾಂ ತೆಗೆದು, ನೂರರಿಂದ ಭಾಗಿಸಿ 0.63 ಎಂದಿತು. ಆಮೇಲೆ ಬೇರೆ ವಸ್ತುವಿನ ಜೊತೆ ಸೇರಿದರೆ ಏನಾಗಬಹುದು ಎಂಬ ಅನಿಶ್ಚಯಕ್ಕೆ ಇನ್ನೊಂದು ಹತ್ತು ಸೇರಿಸಿ 0.063ಕ್ಕೆ ಇಳಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಅದೇ ಅಧ್ಯಯನದ ಕಲ್ಲುಗಳ ಲೆಕ್ಕವನ್ನು ಬೇರೆ ವಿಧಾನದಲ್ಲಿ ಹಾಕಿ, 35 ತೆಗೆದು, ಇನ್ನೂರರಿಂದ ಭಾಗಿಸಿ ಸುಮಾರು 0.2 ಎಂದರು. ಒಂದೇ ಅಧ್ಯಯನ, ಒಂದೇ ವರ್ಷ, ಮೂರು ಪಟ್ಟು ವ್ಯತ್ಯಾಸ. ಯಾರದು ಸರಿ ಎಂದು ನನ್ನನ್ನು ಕೇಳಿದರೆ, ಕೂಸುಗಳ ಆಹಾರಕ್ಕೆ ನಾನು ಚಿಕ್ಕ ಅಂಕಿಯನ್ನೇ ತೆಗೆದುಕೊಳ್ಳುತ್ತಿದ್ದೆ.